ವಿದೇಶಕ್ಕೆ ಹೊರಟ ನರ್ಸ್‌ಗಳಿಗೆ ಇಂಗ್ಲಿಷ್ ಪರೀಕ್ಷೆ

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್ ಬರೆಯುವವರು ಅಕಾಡೆಮಿಕ್ ವಿಭಾಗವನ್ನೇ ಆರಿಸಬೇಕು. ಆಲಿಸುವುದು, ಓದು, ಮಾತು ಈ ಮೂರರಲ್ಲೂ ತಲಾ 7 ಬ್ಯಾಂಡ್ ಅಗತ್ಯ. ಬರವಣಿಗೆಗೆ 2018ರ ಡಿಸೆಂಬರ್‌ನಿಂದ 6.5 ಸಾಕು. ಆದರೂ ನಮ್ಮವರು ಎಡವುವುದು ಬರವಣಿಗೆಯಲ್ಲೇ. ಒಂದು ಗಂಟೆಯಲ್ಲಿ ಎರಡು ಉತ್ತರ: ಮೊದಲನೆಯದು ಕನಿಷ್ಠ 150 ಪದ, ಎರಡನೆಯದು 250. ಎರಡನೆಯದಕ್ಕೆ ಇಮ್ಮಡಿ ಮಹತ್ವವಿರುವುದರಿಂದ 40 ನಿಮಿಷ ಅದಕ್ಕೇ ಮೀಸಲಿಡಿ. ಬಾಯಿಪಾಠದ ಪ್ರಬಂಧ ಅಂಕ ಕಳೆಯುತ್ತದೆ.

ಒಇಟಿಯೂ ನಡೆಯುತ್ತದೆ. ಅದರಲ್ಲಿ ರೋಗಿಯ ವಿವರ ನೋಡಿ ಪತ್ರ ಬರೆಯಬೇಕು. ವಾರ್ಡಿನಲ್ಲಿ ದುಡಿದವರಿಗೆ ಇದೇ ಹತ್ತಿರವೆಂದು ನಮಗನಿಸುತ್ತದೆ, ಶುಲ್ಕ ಮಾತ್ರ ಹೆಚ್ಚು.

ಐಇಎಲ್‌ಟಿಎಸ್ ಫಲಿತಾಂಶಕ್ಕೆ 2 ವರ್ಷವಷ್ಟೇ ಮಾನ್ಯತೆ. ಉಳಿದ ಕಾಗದಪತ್ರ ಸಿದ್ಧವಾಗುವ ಮೊದಲೇ ಸಾಲ ಮಾಡಿ ಬರೆಯಬೇಡಿ. ‘ಪರೀಕ್ಷೆ ಬರೆಯದೆ ಬ್ಯಾಂಡ್ ಕೊಡಿಸುತ್ತೇವೆ’ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಬೇಡ.