ಸ್ವಂತ ಹೆಣಿಗೆ ಮಾದರಿ ಮತ್ತು ಲೇಖನಗಳನ್ನು ಆನ್‌ಲೈನ್ ಪತ್ರಿಕೆಗೆ ಕಳಿಸುವುದು: ಸದಸ್ಯರಿಗೆ ಮಾಹಿತಿ



ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಹೆಣೆದ ಮಗುವಿನ ಟೋಪಿಯನ್ನು ಎಲ್ಲರೂ ಮೆಚ್ಚಿದ್ದರು. ಅವರು ಬಾಯಲ್ಲಿ ಹೇಳಿದ್ದನ್ನು ನಾವು ಒಂದು ಪುಟದಲ್ಲಿ ಟೈಪು ಮಾಡಿ ಹಂಚಿದೆವು. "ಹತ್ತನೇ ನಂಬರಿನ ಕಡ್ಡಿ" ಎಂದು ಬರೆದೆವು. ನೆತ್ತಿಯ ಭಾಗಕ್ಕೆ ಬಂದಾಗ, ಕಚೇರಿಯ ಅಭ್ಯಾಸ ನೋಡಿ, "ಮುಂದೆ ಎಂದಿನಂತೆ ಮುಗಿಸುವುದು" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆವು. ಅಮೆರಿಕದಲ್ಲಿರುವ ಸದಸ್ಯರೊಬ್ಬರ ಮಗಳು ಅದನ್ನು ಓದಿ ಹೆಣೆದಾಗ ಮಗುವಿನ ಟೋಪಿ ಅಜ್ಜನ ತಲೆಗೂ ದೊಡ್ಡದಾಯಿತು. ಅಲ್ಲಿನ ಹತ್ತು ಬೇರೆ, ನಮ್ಮ ಹತ್ತು ಬೇರೆ. ಆ ತಪ್ಪನ್ನು ತಿದ್ದಬಹುದಿತ್ತು. ಆದರೆ ನೆತ್ತಿಯ ಲೆಕ್ಕ ಕೇಳೋಣವೆಂದರೆ ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಟೋಪಿಯೂ ಯಾವುದೋ ಮಗುವಿಗೆ ಉಡುಗೊರೆಯಾಗಿ ಹೋಗಿತ್ತು. ಅವರ "ಎಂದಿನಂತೆ" ಅವರೊಬ್ಬರಿಗೇ ಗೊತ್ತಿತ್ತು.

ಈಚೆಗೆ ಉದಕಮಂಡಲ, ಹೊಸೂರು ಕಡೆಯ ಸದಸ್ಯೆಯರು ತಮ್ಮ ಹೆಣಿಗೆಯನ್ನು ಆನ್‌ಲೈನ್ ಪತ್ರಿಕೆಗಳಿಗೆ ಕಳಿಸುವುದು ಹೇಗೆಂದು ಕೇಳುತ್ತಿದ್ದಾರೆ. ನಾವು ಸ್ವತಃ ಹೆಣೆಯುವವರಲ್ಲ. ಬಲ್ಲವರನ್ನು ಕೇಳಿ, ನಿಯಮಗಳನ್ನು ಓದಿ, ಕಡತ ಜೋಡಿಸಿದಂತೆ ಇಲ್ಲಿ ಜೋಡಿಸಿದ್ದೇವೆ.

ಇಂಥ ಪತ್ರಿಕೆಗಳು

ಇವುಗಳಲ್ಲಿ ಹೆಸರಾದದ್ದು "ನಿಟ್ಟಿ". ಕೆನಡಾದ ಟೊರಾಂಟೊದಲ್ಲಿ ಏಮಿ ಸಿಂಗರ್ ಅವರು 2002ರಲ್ಲಿ ಆರಂಭಿಸಿದರು. ಓದುವವರಿಗೆ ಉಚಿತ, ಮಾದರಿ ಕೊಟ್ಟವರಿಗೆ ಸಂಭಾವನೆ ಉಂಟು. 2004ರಲ್ಲಿ ಅದರಲ್ಲಿ ಬಂದ ಕೇಟ್ ಗಿಲ್ಬರ್ಟ್ ಅವರ "ಕ್ಲಾಪೊಟಿ" ಎಂಬ ಶಾಲನ್ನು ಲೋಕದ ನಾನಾ ಕಡೆ ಸಾವಿರಾರು ಜನ ಹೆಣೆದರು. 2007ರಲ್ಲಿ ಬಂದ "ರ‍್ಯಾವೆಲ್ರಿ" ಪತ್ರಿಕೆಯಲ್ಲ. ಅಲ್ಲಿ ಹೆಣೆಯುವವರೇ ತಮ್ಮ ಮಾದರಿಯನ್ನು ಉಚಿತವಾಗಿ ಹಾಕಬಹುದು, ಮಾರಲೂಬಹುದು. ಪತ್ರಿಕೆಯಲ್ಲಿ ಸಂಪಾದಕರು ಆರಿಸುತ್ತಾರೆ, ಲೆಕ್ಕ ಪರಿಶೀಲಿಸುತ್ತಾರೆ, ಸಂಭಾವನೆ ಕೊಡುತ್ತಾರೆ. ಇಲ್ಲಿ ಎಲ್ಲವೂ ನಮ್ಮದೇ ಹೊಣೆ.

ಪ್ರತಿ ಪತ್ರಿಕೆಗೂ ಲೇಖಕರಿಗಾಗಿ ನಿಯಮಗಳ ಪುಟ ಇರುತ್ತದೆ. ಕೆಲವರು ಮೊದಲು ಚಿಕ್ಕ ಹೆಣಿಗೆ ತುಂಡು, ರೇಖಾಚಿತ್ರ ಮತ್ತು ವಿವರಣೆ ಮಾತ್ರ ಕೇಳುತ್ತಾರೆ. ಕೆಲವರಿಗೆ ಪೂರ್ತಿ ಸೂಚನೆ ಮತ್ತು ಫೋಟೋಗಳು ಒಟ್ಟಿಗೇ ಬೇಕು. ನಿಯಮದ ಪುಟವನ್ನು ಓದದೆ ಏನನ್ನೂ ಕಳಿಸಬಾರದು.

ಸ್ವಂತದ್ದು ಎಂದರೆ ಯಾವುದು?

ಸೀದಾ, ಉಲ್ಟಾ, ಜಡೆ ಹೆಣಿಗೆ, ಜಾಲರಿ ಹೆಣಿಗೆ ಇವು ಯಾರ ಸ್ವತ್ತೂ ಅಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಇಂಗ್ಲೆಂಡ್ ಮೂಲದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಪ್ರಸಿದ್ಧ ಹೆಣಿಗೆಗಾರ್ತಿ ತಾವು ಕಂಡುಹಿಡಿದದ್ದನ್ನೂ ಹೊಸದೆಂದು ಹೇಳಿಕೊಳ್ಳುತ್ತಿರಲಿಲ್ಲ. ಹಿಂದೆ ಯಾರೋ ಎಲ್ಲೋ ಮಾಡಿಯೇ ಇರುತ್ತಾರೆ ಎನ್ನುವುದು ಅವರ ನಿಲುವು. ಆದರೆ ಸೂಚನೆಗಳ ಮಾತಿನಲ್ಲಿ ಅವರು ಬಹಳ ಗಟ್ಟಿ. ದುಂಡಗೆ ಹೆಣೆಯುವಂತೆ ತಾವು ಬರೆದದ್ದನ್ನು ಸಂಪಾದಕರು ತುಂಡು ತುಂಡಾಗಿ ಹೆಣೆಯುವಂತೆ ಬದಲಿಸಿದ್ದು ಹಿಡಿಸದೆ, 1958ರಲ್ಲಿ ತಮ್ಮದೇ ಸುದ್ದಿಪತ್ರ ಆರಂಭಿಸಿದರು.

ಹಳೆಯ ಹೆಣಿಗೆಗಳನ್ನು ಸೇರಿಸಿ ನೀವು ಮಾಡಿದ ಜೋಡಣೆ, ನೀವು ಹಾಕಿದ ಲೆಕ್ಕ, ನಿಮ್ಮ ಮಾತಿನಲ್ಲಿ ಬರೆದ ಸೂಚನೆ, ನೀವು ಬರೆದ ನಕ್ಷೆ, ನಿಮ್ಮ ಫೋಟೋ ನಿಮ್ಮವು. ಪುಸ್ತಕದ ಸ್ವೆಟರಿನ ಬಣ್ಣ ಬದಲಿಸಿದರೆ, ತೋಳು ಎರಡು ಇಂಚು ಉದ್ದ ಮಾಡಿದರೆ ಅದು ಸ್ವಂತದ್ದಾಗುವುದಿಲ್ಲ. ಹಿರಿಯರಿಂದ ಕಲಿತದ್ದಾದರೆ ಅವರ ಒಪ್ಪಿಗೆ ಪಡೆದು ಹೆಸರು ಹೇಳುವುದು ಮರ್ಯಾದೆ.

ಮಾದರಿಯಲ್ಲಿ ಇರಬೇಕಾದ ವಿವರಗಳು

1. ಹೆಸರು, ಎರಡು ಮೂರು ಸಾಲಿನ ಪರಿಚಯ, ಎಷ್ಟು ಅನುಭವ ಬೇಕು ಎಂಬ ಸೂಚನೆ.
2. ಹೆಣೆದು ಮುಗಿದ ಬಟ್ಟೆಯ ಅಳತೆ. ಮೈ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ, ಎರಡನ್ನೂ ಬರೆಯಬೇಕು.
3. ಉಣ್ಣೆಯ ದಪ್ಪ, ತೂಕ, ಮೀಟರು.
4. ಕಡ್ಡಿಯ ದಪ್ಪ ಮಿಲಿಮೀಟರಿನಲ್ಲಿ.
5. ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು.
6. ಸಂಕ್ಷೇಪಾಕ್ಷರಗಳ ಪಟ್ಟಿ.
7. ಮೊದಲ ಕುಣಿಕೆಯಿಂದ ಕೊನೆಯ ಗಂಟಿನವರೆಗೆ ಸಾಲುಸಾಲು ಸೂಚನೆ. ಕುಣಿಕೆ ಹೆಚ್ಚಿಸಿದ ಅಥವಾ ಕಡಿಮೆ ಮಾಡಿದ ಪ್ರತಿ ಸಾಲಿನ ಕೊನೆಗೆ ಕಡ್ಡಿಯಲ್ಲಿ ಎಷ್ಟು ಉಳಿದಿವೆ ಎಂಬ ಸಂಖ್ಯೆ.
8. ಅಳತೆ ಗುರುತಿಸಿದ ರೇಖಾಚಿತ್ರ, ಅಗತ್ಯವಿದ್ದರೆ ನಕ್ಷೆ. ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ.

ಉಣ್ಣೆಯ ಲೆಕ್ಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಮುಗಿದ ಸ್ವೆಟರ್ 370 ಗ್ರಾಂ ತೂಗುತ್ತದೆ, ಉಂಡೆಯ ಚೀಟಿಯಲ್ಲಿ 50 ಗ್ರಾಮಿಗೆ 125 ಮೀಟರ್ ಎಂದಿದೆ ಎನ್ನೋಣ. ಆಗ 925 ಮೀಟರ್ ಖರ್ಚಾಗಿದೆ. ನೂರಕ್ಕೆ ಹತ್ತು ಹೆಚ್ಚು ಹಿಡಿದರೆ ಸುಮಾರು 1020 ಮೀಟರ್. ಒಂಬತ್ತು ಉಂಡೆ ಎಂದು ಬರೆಯಬೇಕು. ಲೂಧಿಯಾನದ ಉಣ್ಣೆ ಕೆನಡಾದವರಿಗೆ ಸಿಗದಿರಬಹುದು. ದಪ್ಪ ಮತ್ತು ಮೀಟರು ಇದ್ದರೆ ಅವರು ತಮ್ಮೂರಿನ ಉಣ್ಣೆ ಹಿಡಿಯುತ್ತಾರೆ.

ಸಂಕ್ಷೇಪಾಕ್ಷರದಲ್ಲೂ ಎಚ್ಚರ ಬೇಕು. ಬ್ರಿಟನ್ನಿನವರ ಮಾಸ್ ಸ್ಟಿಚ್ ಅಮೆರಿಕದವರಿಗೆ ಸೀಡ್ ಸ್ಟಿಚ್. ಕ್ರೋಶಾದಲ್ಲಿ ಬ್ರಿಟನ್ನಿನ ಡಬಲ್ ಎಂದರೆ ಅಮೆರಿಕದ ಸಿಂಗಲ್. ಯಾವ ದೇಶದ ಪದ ಬಳಸಿದ್ದೀರಿ ಎಂದು ಮೊದಲಿಗೇ ಬರೆಯಿರಿ.

ಕಡ್ಡಿಯ ನಂಬರು

ನಮ್ಮ ಅಂಗಡಿಗಳಲ್ಲಿ ಸಿಗುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ನಂಬರಿನಲ್ಲಿ ಏರಿದಂತೆ ದಪ್ಪವಾಗುತ್ತದೆ.

2.75 ಮಿ.ಮೀ.: ನಮ್ಮ 12, ಅಮೆರಿಕದ 2
3.25 ಮಿ.ಮೀ.: ನಮ್ಮ 10, ಅಮೆರಿಕದ 3
3.75 ಮಿ.ಮೀ.: ನಮ್ಮ 9, ಅಮೆರಿಕದ 5
4 ಮಿ.ಮೀ.: ನಮ್ಮ 8, ಅಮೆರಿಕದ 6
4.5 ಮಿ.ಮೀ.: ಎರಡೂ ಕಡೆ 7
5 ಮಿ.ಮೀ.: ನಮ್ಮ 6, ಅಮೆರಿಕದ 8
6 ಮಿ.ಮೀ.: ನಮ್ಮ 4, ಅಮೆರಿಕದ 10

ನಾವು ಬರೆದ ಹತ್ತು 3.25 ಮಿಲಿಮೀಟರಿನದು, ಆ ಮಗಳು ಹಿಡಿದದ್ದು 6 ಮಿಲಿಮೀಟರಿನದು, ಅದಕ್ಕೆ ತಕ್ಕ ದಪ್ಪ ಉಣ್ಣೆಯ ಜೊತೆ. ಮಿಲಿಮೀಟರು ಬರೆದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಬಿಗಿಯ ಅಳತೆ

ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ. ಆದ್ದರಿಂದ ಕಡ್ಡಿಯ ದಪ್ಪವೊಂದೇ ಸಾಲದು. ಸುಮಾರು 15 ಸೆಂಟಿಮೀಟರ್ ಚೌಕದ ತುಂಡು ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂಟಿಮೀಟರಿನಲ್ಲಿ ಕುಣಿಕೆಗಳನ್ನೂ ಸಾಲುಗಳನ್ನೂ ಎಣಿಸಬೇಕು. ಇದನ್ನು ಗೇಜ್ ಎನ್ನುತ್ತಾರೆ. ನಿಮ್ಮದು 22 ಕುಣಿಕೆ ಇದ್ದು, ಓದುವವರದು 20 ಬಂದರೆ, 220 ಕುಣಿಕೆಯ ಸ್ವೆಟರಿನ ಸುತ್ತಳತೆ 100ರ ಬದಲು 110 ಸೆಂಟಿಮೀಟರ್ ಆಗುತ್ತದೆ. ಎರಡು ಕುಣಿಕೆಯ ವ್ಯತ್ಯಾಸಕ್ಕೆ ನಾಲ್ಕು ಇಂಚು.

ಸ್ವೆಟರಿಗೆ ಒಂದೇ ಅಳತೆ ಸಾಲದು. ಸಣ್ಣವರಿಗೂ ದೊಡ್ಡವರಿಗೂ ಲೆಕ್ಕ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ಜಾಲರಿ ಚಿತ್ತಾರ 12 ಕುಣಿಕೆಗೊಮ್ಮೆ ಮರುಕಳಿಸುತ್ತದೆ ಎನ್ನೋಣ. 100 ಸೆಂಟಿಮೀಟರಿಗೆ ಬೇಕಾದ 220 ಕುಣಿಕೆ 12ರಿಂದ ಸರಿಯಾಗಿ ಭಾಗವಾಗುವುದಿಲ್ಲ. 216 ಹಿಡಿದರೆ 18 ಆವರ್ತನ, ಸುಮಾರು 98 ಸೆಂಟಿಮೀಟರ್. 228 ಹಿಡಿದರೆ 19 ಆವರ್ತನ, ಸುಮಾರು 104 ಸೆಂಟಿಮೀಟರ್. ಇಲ್ಲವೇ ಚಿತ್ತಾರ 18 ಆವರ್ತನವೇ ಇರಲಿ, ಎರಡು ಪಕ್ಕಗಳಲ್ಲಿ ಎರಡೆರಡು ಸಾದಾ ಕುಣಿಕೆ ಸೇರಿಸಿ 220 ಮಾಡಬಹುದು. ಯಾವುದನ್ನು ಆರಿಸಿದಿರಿ ಎಂಬುದು ಕಾಗದದ ಮೇಲೆ ಇರಬೇಕು. ಮೊದಲ ಸಲ ಕಳಿಸುವವರಿಗೆ ಶಾಲು, ಮಫ್ಲರ್, ಟೋಪಿ ಸುಲಭ.

ಕಸೂತಿಯ ಚಿತ್ತಾರವನ್ನು ಹೆಣಿಗೆಗೆ ತರುವುದಾದರೆ

ಗೋಪುರ, ತೇರು, ಆನೆ, ತುಳಸಿಕಟ್ಟೆಯ ಕಸೂತಿ ಚಿತ್ತಾರಗಳನ್ನು ಎರಡು ಬಣ್ಣದ ಹೆಣಿಗೆಯಲ್ಲಿ ತರಬೇಕೆಂದು ಹಲವರಿಗೆ ಆಸೆ. ಎಳೆ ಎಣಿಸಿ ಹಾಕುವ ಕಸೂತಿ ಚೌಕಳಿ ಹಾಳೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಹೆಣಿಗೆಯ ಕುಣಿಕೆ ಚೌಕವಲ್ಲ. ಅಗಲ ಹೆಚ್ಚು, ಎತ್ತರ ಕಡಿಮೆ. 10 ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು ಬರುವ ಕೈಯಲ್ಲಿ, 30 ಮನೆ ಅಗಲ 30 ಮನೆ ಎತ್ತರದ ಗೋಪುರ 13.6 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಗೋಪುರ ಕುಳ್ಳಾಗುತ್ತದೆ, ತೇರು ನೆಲಕ್ಕೆ ಕೂರುತ್ತದೆ. ಸರಿಹೋಗಬೇಕಾದರೆ ಎತ್ತರಕ್ಕೆ ಸುಮಾರು 41 ಸಾಲು ಬೇಕು. ಹೀಗೆ ತಿದ್ದಿದ ನಕ್ಷೆ ನಿಮ್ಮ ಸ್ವಂತ ಕೆಲಸ. ಮೂಲ ಕಸೂತಿಯದು ಎಂದು ಪರಿಚಯದಲ್ಲಿ ತಪ್ಪದೆ ಹೇಳಿ. ನೀಲಗಿರಿಯ ತೋಡರ ಕಸೂತಿಗೆ ಭೌಗೋಳಿಕ ಸೂಚಿಕೆಯ ನೋಂದಣಿ ಇದೆ. ಅದನ್ನು ನೋಡಿ ಹೆಣೆದದ್ದನ್ನು ಅದೇ ಹೆಸರಿನಲ್ಲಿ ಮಾರಬಾರದು.

ಬೇರೊಬ್ಬರಿಂದ ಹೆಣೆಸಿ ನೋಡುವುದು

ನೀವು ಬರೆದದ್ದನ್ನು ನೀವೇ ಓದಿ ಹೆಣೆದರೆ ಪರೀಕ್ಷೆಯಾಗುವುದಿಲ್ಲ. ಬಿಟ್ಟದ್ದನ್ನು ಕೈಯೇ ತುಂಬಿಕೊಳ್ಳುತ್ತದೆ. ನಿಮ್ಮ ಹೆಣಿಗೆ ನೋಡದ ಇಬ್ಬರಿಗೆ ಕಾಗದ ಮಾತ್ರ ಕೊಡಿ. ಅವರು ಫೋನ್ ಮಾಡಿ ಕೇಳಿದ ಪ್ರತಿ ಪ್ರಶ್ನೆಯೂ ಕಾಗದದಲ್ಲಿ ಉಳಿದ ತಪ್ಪು. ಫೋನಿನಲ್ಲಿ ಉತ್ತರ ಹೇಳಿ ಸುಮ್ಮನಾಗದೆ, ಕಾಗದವನ್ನು ತಿದ್ದಿ.

ಮೊದಲು ಕನ್ನಡದಲ್ಲೇ ಬರೆಯಿರಿ. ಕೈಯ ಲೆಕ್ಕ ತಾಯ್ನುಡಿಯಲ್ಲಿ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಮಕ್ಕಳೋ ಮೊಮ್ಮಕ್ಕಳೋ ಇಂಗ್ಲಿಷಿಗೆ ತರಲಿ. ಸಂಖ್ಯೆಗಳನ್ನು ನೀವೇ ಒಂದೊಂದಾಗಿ ತಾಳೆ ನೋಡಿ.

ಲೇಖನವಾದರೆ

ಒಂದು ವಿಧಾನ, ಒಂದು ತೊಂದರೆಗೆ ಕಂಡ ಪರಿಹಾರ, ಒಂದು ಊರಿನ ಹೆಣಿಗೆಯ ಇತಿಹಾಸ ಇವು ಲೇಖನಕ್ಕೆ ಒಗ್ಗುತ್ತವೆ. ಮೊದಲು ನಾಲ್ಕೈದು ಸಾಲಿನ ಸಾರಾಂಶ ಕಳಿಸಿ ಸಂಪಾದಕರ ಒಪ್ಪಿಗೆ ಪಡೆಯುವುದು ಒಳ್ಳೆಯದು. "ಹೆಣಿಗೆಯ ಮಹತ್ವ" ಎಂಬಂಥ ವಿಷಯ ಬೇಡ. ಮಳೆಗಾಲದಲ್ಲಿ ಕೂನೂರಿನಲ್ಲಿ ಸ್ವೆಟರು ಹೇಗೆ ಒಣಗಿಸುತ್ತೀರಿ ಎಂದು ಬರೆದರೆ ಓದುತ್ತಾರೆ. ಇತರರ ಫೋಟೋ ಬಳಸುವುದಾದರೆ ಲಿಖಿತ ಒಪ್ಪಿಗೆ ಬೇಕು.

ಕಳಿಸುವಾಗ

ಈ ಪತ್ರಿಕೆಗಳ ಋತು ಅವರ ದೇಶದ್ದು. ಚಳಿಗಾಲದ ಸಂಚಿಕೆಗೆ ತಿಂಗಳುಗಳ ಮೊದಲೇ, ನಮಗಿಲ್ಲಿ ಬೆವರು ಸುರಿಯುವಾಗಲೇ, ಕೊನೆಯ ದಿನಾಂಕ ಇರಬಹುದು. ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ: ಯಾರಾದರೂ ಧರಿಸಿದ್ದು, ಹರಡಿದ್ದು, ಹತ್ತಿರದಿಂದ ತೆಗೆದದ್ದು. ಒಂದೇ ಮಾದರಿಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡಿ. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಪೂರ್ತಿ ಸೂಚನೆ ಹಾಕಿಬಿಟ್ಟರೆ ಹಲವು ಪತ್ರಿಕೆಗಳು ಅದನ್ನು ಪ್ರಕಟವಾದದ್ದೆಂದೇ ಎಣಿಸುತ್ತವೆ. ಕಳಿಸಿದ ದಿನಾಂಕ, ಲಗತ್ತುಗಳು, ಬಂದ ಉತ್ತರ ಇವನ್ನು ಒಂದು ಪುಸ್ತಕದಲ್ಲಿ ನಮೂದಿಸಿ. ತಿರಸ್ಕಾರ ಬಂದರೆ ಬೇಸರ ಬೇಡ. ಬೇರೆ ಪತ್ರಿಕೆಗೆ ಕಳಿಸಬಹುದು.

ಹಕ್ಕು ಮತ್ತು ಹಣ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೀವು ಬರೆದ ಸೂಚನೆಯ ಹಕ್ಕು ಬರೆದೊಡನೆ ನಿಮ್ಮದಾಗುತ್ತದೆ. ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ನಂತರ 60 ವರ್ಷ ಅದು ಇರುತ್ತದೆ. ಹಕ್ಕನ್ನು ಬಿಟ್ಟುಕೊಡುವುದಾದರೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕೆಂದು 19ನೇ ಕಲಮು ಹೇಳುತ್ತದೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಕೆ. ಹೊರದೇಶದ ಪತ್ರಿಕೆಯ ಒಪ್ಪಂದಕ್ಕೆ ಆ ದೇಶದ ಕಾನೂನು ಅನ್ವಯಿಸುತ್ತದೆಂದು ಬರೆದಿರಬಹುದು. ಆ ಸಾಲನ್ನು ಹುಡುಕಿ ಓದಿ.

ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ. ಮೊದಲ ಪ್ರಕಟಣೆಯ ಹಕ್ಕು ಮಾತ್ರ ಕೊಡುವುದು. ಇಷ್ಟು ತಿಂಗಳು ಬೇರೆಲ್ಲೂ ಪ್ರಕಟಿಸುವುದಿಲ್ಲ ಎಂದು ಒಪ್ಪುವುದು. ಎಲ್ಲ ಹಕ್ಕನ್ನೂ ಶಾಶ್ವತವಾಗಿ ಬಿಟ್ಟುಕೊಡುವುದು. ಮೂರನೆಯದಕ್ಕೆ ಸಹಿ ಹಾಕಿದರೆ ನಿಮ್ಮ ಸೂಚನೆಯನ್ನು ನೀವೇ ಪುಸ್ತಕವಾಗಿ ತರಲು ಅವರ ಅನುಮತಿ ಬೇಕಾದೀತು. ಹಣ ಹೆಚ್ಚು ಎಂದು ಆತುರಪಡದೆ ಮನೆಯವರಿಗೆ ಓದಿಸಿ ಸಹಿ ಮಾಡಿ. ಪತ್ರಿಕೆಗಳು ನಿಂತುಹೋಗುವುದೂ ಉಂಟು. "ಮ್ಯಾಗ್‌ನಿಟ್ಸ್" ಎಂಬ ಬ್ರಿಟನ್ನಿನ ಆನ್‌ಲೈನ್ ಪತ್ರಿಕೆ 2008ರಲ್ಲಿ ನಿಂತಾಗ ಅದರಲ್ಲಿದ್ದ ಮಾದರಿಗಳೂ ಕಾಣದಾದವು. ತಮ್ಮ ಪ್ರತಿ ಮತ್ತು ಹಕ್ಕು ಇಟ್ಟುಕೊಂಡವರು ಬೇರೆಡೆ ಪ್ರಕಟಿಸಿಕೊಳ್ಳಬಹುದಾಯಿತು.

ಹೊರದೇಶದ ಹಣ ಬ್ಯಾಂಕಿಗೆ ಬಂದಾಗ ಯಾವ ಉದ್ದೇಶಕ್ಕೆ ಎಂದು ಕೇಳುತ್ತಾರೆ. ಒಪ್ಪಂದದ ಪ್ರತಿ ಕೈಯಲ್ಲಿರಲಿ. ಆ ಆದಾಯವನ್ನು ತೆರಿಗೆ ವಿವರಣೆಯಲ್ಲಿ ತೋರಿಸಬೇಕು.

ಕೊನೆಯದಾಗಿ ಒಂದು ಕೋರಿಕೆ. ಪತ್ರಿಕೆಗೆ ಕಳಿಸುವ ಇಚ್ಛೆ ಇರಲಿ, ಇಲ್ಲದಿರಲಿ, ಮನೆಯಲ್ಲಿ ಹೆಣೆಯುವ ಹಿರಿಯರಿದ್ದರೆ ಈ ತಿಂಗಳೇ ಅವರ ಪಕ್ಕ ಕುಳಿತು ಒಂದು ಮಾದರಿಯನ್ನಾದರೂ ಪೂರ್ತಿ ಬರೆದಿಟ್ಟುಕೊಳ್ಳಿ. ಅವರು "ಎಂದಿನಂತೆ" ಎಂದಾಗ ಪೆನ್ನು ಕೆಳಗಿಡಬೇಡಿ. ಎಷ್ಟು ಕುಣಿಕೆ, ಎಷ್ಟನೇ ಸಾಲಿನಲ್ಲಿ ಎಂದು ಕೇಳಿ. ನಾವು ಅಂದು ಕೇಳಲಿಲ್ಲ.