ಯಾರ ಜಗುಲಿ ಮೇಲೆ ಕೂತು ನೋಡ್ತಿದ್ದೀವಿ? ಸಮಾಜಶಾಸ್ತ್ರ ಹುಟ್ಟಿದ ಕಥೆ

ಭಾಗ 1/5: ಹೆಸರಿಟ್ಟವರು

"ಸಮಾಜಶಾಸ್ತ್ರನಾ? ಅದ್ರಲ್ಲೇನಿದೆ ಓದೋಕೆ, ಎಲ್ಲಾ ಗೊತ್ತಿರೋದೇ ಅಲ್ವಾ?"

ಆರ್ಟ್ಸ್ ತಗೊಂಡವರೆಲ್ಲ ಈ ಮಾತು ಕೇಳಿರ್ತೀರಿ. ಹಾಸನ ಆಗಲಿ, ಅರಕಲಗೂಡು ಆಗಲಿ, ಮಾತು ಒಂದೇ. ಮದುವೆ, ಜಾತಿ, ಹಬ್ಬ, ಊರ ನ್ಯಾಯ, ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡ್ತಾ ಇದ್ದೀವಿ, ಇದಕ್ಕೊಂದು ಶಾಸ್ತ್ರ ಬೇಕಾ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಈ ಸರಣಿ ಅದಕ್ಕೆ ಉತ್ತರ.

1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯ್ತು. ರಾಜನ ತಲೆ ಉರುಳಿತು, ಚರ್ಚಿನ ಹಿಡಿತ ಸಡಿಲ ಆಯ್ತು. ಇಂಗ್ಲೆಂಡಿನ ಕಡೆ ಕಾರ್ಖಾನೆಗಳು ಎದ್ದು, ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ನುಗ್ಗಿದರು. "ಯಾಕೆ ಹೀಗೆ?" ಅಂದ್ರೆ "ದೇವರ ಇಚ್ಛೆ", "ರಾಜನ ಆಜ್ಞೆ" ಅನ್ನೋ ಹಳೇ ಉತ್ತರ ಸಾಲದಾಯ್ತು.

ಆ ಕಾಲದ ಮಗು ಅಗಸ್ಟ್ ಕಾಮ್ಟ್, ಹುಟ್ಟಿದ್ದು 1798ರಲ್ಲಿ. ನಿಸರ್ಗಕ್ಕೆ ನಿಯಮ ಇರೋ ಹಾಗೆ ಸಮಾಜಕ್ಕೂ ನಿಯಮ ಇರಬೇಕು ಅಂತ ಅವನ ವಾದ. ಮೊದಲು ಇದನ್ನ "ಸಾಮಾಜಿಕ ಭೌತಶಾಸ್ತ್ರ" ಅಂತ ಕರೆದ. ಬೆಲ್ಜಿಯಂನ ಕ್ವೆಟಲೆಟ್ ತನ್ನ ಅಂಕಿಅಂಶದ ಕೆಲಸಕ್ಕೆ ಅದೇ ಹೆಸರು ಬಳಸಿದ್ದು ಕಾಮ್ಟ್‌ಗೆ ಹಿಡಿಸಲಿಲ್ಲ. 1839ರಲ್ಲಿ ಒಂದು ಲ್ಯಾಟಿನ್ ಪದಕ್ಕೆ ಒಂದು ಗ್ರೀಕ್ ಪದ ಸೇರಿಸಿ "ಸೋಶಿಯಾಲಜಿ" ಅನ್ನೋ ಹೊಸ ಹೆಸರು ಇಟ್ಟ.

ನಮ್ಮ ನೋಟ್ಸ್‌ನಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಹೆಸರು ಹ್ಯಾರಿಯೆಟ್ ಮಾರ್ಟಿನೋ. ಈಕೆಗೆ ಚಿಕ್ಕ ವಯಸ್ಸಿನಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕಿವಿಗೆ ತುತ್ತೂರಿಯಂಥ ಕೊಳವೆ ಹಿಡಿದುಕೊಂಡೇ 1834ರಿಂದ ಎರಡು ವರ್ಷ ಅಮೆರಿಕ ಸುತ್ತಿದಳು. ಒಂದು ಸಮಾಜವನ್ನ ನೋಡೋದು ಹೇಗೆ ಅಂತಲೇ 1838ರಲ್ಲಿ ಪುಸ್ತಕ ಬರೆದಳು. ಕಾಮ್ಟ್‌ನ ದಪ್ಪ ಸಂಪುಟಗಳನ್ನ 1853ರಲ್ಲಿ ಇಂಗ್ಲಿಷಿಗೆ ಸಂಗ್ರಹಿಸಿ ತಂದವಳೂ ಈಕೆಯೇ.

ಭಾಗ 2/5: ದೂರದಿಂದ ನೋಡಿದವರು

1853ರಲ್ಲೇ ಕಾರ್ಲ್ ಮಾರ್ಕ್ಸ್ ಲಂಡನ್ನಿನಲ್ಲಿ ಕೂತು, ನ್ಯೂಯಾರ್ಕಿನ ಒಂದು ಪತ್ರಿಕೆಗೆ ಭಾರತದ ಹಳ್ಳಿಗಳ ಬಗ್ಗೆ ಬರೆದ. ಭಾರತಕ್ಕೆ ಅವನು ಬಂದವನಲ್ಲ.

ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಅಂಕಿಅಂಶಗಳನ್ನ ಮುಂದಿಟ್ಟುಕೊಂಡು, ತೀರಾ ಖಾಸಗಿ ಅನ್ನಿಸೋ ದುಃಖದ ಹಿಂದೆಯೂ ಸಮಾಜ ಇದೆ ಅಂತ ತೋರಿಸಿದ. ಇದು ದೊಡ್ಡ ಹೆಜ್ಜೆ. ಆದರೆ ಅದೇ ಡರ್ಖೈಮ್ 1912ರಲ್ಲಿ ಆಸ್ಟ್ರೇಲಿಯಾದ ಬುಡಕಟ್ಟುಗಳ ಧರ್ಮದ ಬಗ್ಗೆ ಬರೆದಾಗ, ಆ ದೇಶದ ಮಣ್ಣು ಮೆಟ್ಟಿರಲಿಲ್ಲ. ಮ್ಯಾಕ್ಸ್ ವೇಬರ್ ಹಿಂದೂ ಧರ್ಮ, ಜಾತಿ ಬಗ್ಗೆ ದೊಡ್ಡ ಅಧ್ಯಯನ ಬರೆದ. ಅವನೂ ಇಲ್ಲಿಗೆ ಬಂದಿಲ್ಲ.

ಇವರು ದಡ್ಡರೇನಲ್ಲ, ಮಹಾ ಬುದ್ಧಿವಂತರು. ಅವರು ಕೇಳಿದ ಪ್ರಶ್ನೆಗಳನ್ನ ಇವತ್ತಿಗೂ ಕೇಳ್ತಾ ಇದ್ದೀವಿ. ಆದರೆ ನಮ್ಮ ಬಗ್ಗೆ ಅವರಿಗೆ ಸಿಕ್ಕಿದ್ದೆಲ್ಲ ಬೇರೆಯವರು ಬರೆದಿಟ್ಟ ಕಾಗದ. ಕಾಗದದಲ್ಲಿ ಜಾತಿ ಅಂದ್ರೆ ನಾಲ್ಕು ವರ್ಣ, ಮೇಲಿಂದ ಕೆಳಕ್ಕೆ ನಾಲ್ಕು ಮೆಟ್ಟಿಲು. ನಮ್ಮ ಊರಲ್ಲಿ ಹಾಗಾ ಇರೋದು?

ಭಾಗ 3/5: ಮೈಸೂರಿಗೆ ಬಂತು

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯ್ತು. ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯ. ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಮೀಕ್ಷೆ ನಡೆಸಿದವರು ಇವರೇ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸದಲ್ಲಿ ಯಾರು ತುಂಬಿದ್ದಾರೆ, ಯಾರು ಹೊರಗಿದ್ದಾರೆ, ಅದನ್ನ ಸರಿಪಡಿಸೋದು ಹೇಗೆ ಅನ್ನೋದು ಪ್ರಶ್ನೆ. ಅಂದ್ರೆ ನಮ್ಮ ಕಡೆ ಸಮಾಜವನ್ನ ಅಳೆದು ನೋಡೋದು ಬರೀ ಕಾಲೇಜಿನ ಪಾಠ ಆಗಿರಲಿಲ್ಲ. ಯಾರ ಮಗನಿಗೆ ಕೆಲಸ, ಯಾರ ಮಗಳಿಗೆ ಸೀಟು ಅನ್ನೋದು ಅದರ ಮೇಲೆ ನಿಂತಿತ್ತು. ಇವತ್ತಿಗೂ ಜಾತಿ ಗಣತಿ ಅಂದ ತಕ್ಷಣ ಊರೆಲ್ಲ ಬಿಸಿ ಆಗೋದು ಅದಕ್ಕೇ.

ವಿಶ್ವವಿದ್ಯಾನಿಲಯ ಹುಟ್ಟಿದ ಅದೇ 1916ರಲ್ಲಿ ಮೈಸೂರಿನಲ್ಲಿ ಒಬ್ಬ ಹುಡುಗ ಹುಟ್ಟಿದ: ಎಂ. ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಎ. ಆರ್. ವಾಡಿಯಾ ಇದ್ದ ಕಾಲ. ಅಲ್ಲಿ ಸಾಮಾಜಿಕ ತತ್ವಶಾಸ್ತ್ರ ಓದಿ 1936ರಲ್ಲಿ ಆನರ್ಸ್ ಮುಗಿಸಿದರು. ಆಮೇಲೆ ಬೊಂಬಾಯಿಗೆ, ಜಿ. ಎಸ್. ಘುರ್ಯೆ ಹತ್ತಿರ. ಅಲ್ಲಿಂದ ಆಕ್ಸ್‌ಫರ್ಡ್.

ಭಾಗ 4/5: ಎತ್ತಿನ ಮನೆ

1948ರಲ್ಲಿ ಶ್ರೀನಿವಾಸ್ ಮೈಸೂರಿನ ಹತ್ತಿರದ ಕೊಡಗಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಪುಸ್ತಕದಲ್ಲಿ ಅದಕ್ಕೆ "ರಾಂಪುರ" ಅಂತ ಹೆಸರು ಕೊಟ್ಟರು. ಊರಿನ ಪಟೇಲರು ಇರೋಕೆ ಕೊಟ್ಟಿದ್ದು ತಮ್ಮ ಎತ್ತು ಕಟ್ಟೋ ಮನೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ "ಸಹಭಾಗಿ ಅವಲೋಕನ" ಅಂದ್ರೆ ಇದೇ.

ಅಲ್ಲಿ ನಾಲ್ಕು ಮೆಟ್ಟಿಲಿನ ಚಿತ್ರ ಉಳಿಯಲಿಲ್ಲ. ಊರಿನ ಲೆಕ್ಕ ನಡೀತಾ ಇದ್ದದ್ದು ಬೇರೆ ಥರ. ಜಮೀನು ಯಾರ ಕೈಯಲ್ಲಿ ಹೆಚ್ಚು, ತಲೆ ಎಣಿಸಿದರೆ ಯಾರು ಹೆಚ್ಚು, ಜಗಳ ಬಂದರೆ ನ್ಯಾಯ ಹೇಳೋರು ಯಾರು? ಇದನ್ನ ಅವರು "ಪ್ರಬಲ ಜಾತಿ" ಅಂತ ಕರೆದರು. ರಾಂಪುರದಲ್ಲಿ ಅದು ಒಕ್ಕಲಿಗರು. ಇನ್ನು ನಾವು ದಿನಾ ಟಿವಿಯಲ್ಲಿ ಕೇಳೋ "ವೋಟ್ ಬ್ಯಾಂಕ್" ಅನ್ನೋ ಮಾತು? ಅದನ್ನೂ ಚಲಾವಣೆಗೆ ತಂದವರು ಇವರೇ, 1955ರ ಒಂದು ಲೇಖನದಲ್ಲಿ.

ಆದರೆ ಊರೂ ಅವರನ್ನ ನೋಡ್ತಾ ಇತ್ತು. ಅವರು ಅಯ್ಯಂಗಾರರು, ಜೊತೆಗೆ ಪಟೇಲರ ಅತಿಥಿ. ಸ್ನಾನ ಆದಮೇಲೆ ಗಡ್ಡ ಹೆರೆದುಕೊಂಡರೆ "ಬ್ರಾಹ್ಮಣರಾಗಿ ಹೀಗಾ?" ಅಂತ ಆಕ್ಷೇಪ. ಪಟೇಲರ ಮನೆಯಲ್ಲಿ ಇದ್ದುಕೊಂಡು ದಲಿತರ ಕೇರಿಗೆ ಬೇಕಾದ ಹಾಗೆ ಹೋಗಿ ಕೂರೋದು ಸುಲಭ ಇರಲಿಲ್ಲ. ಹೆಂಗಸರ ಲೋಕವೂ ಅಷ್ಟೇ. ತಮಗೆ ಸಿಕ್ಕಿದ್ದು ಮೇಲ್ಜಾತಿಯ ಕಡೆಯಿಂದ ಕಂಡ ಹಳ್ಳಿ ಅಂತ ಶ್ರೀನಿವಾಸ್ ಮುಂದೆ ತಾವೇ ಬರೆದರು.

ಭಾಗ 5/5: ಬೆಂಕಿ ಮತ್ತು ನಮ್ಮ ಊರು

1970ರ ಏಪ್ರಿಲ್ 24. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಹದಿನೆಂಟು ವರ್ಷ ಕೂತು ತಿದ್ದಿ ಜೋಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು, ಮೂರೂ ಸುಟ್ಟವು. "ನೆನಪಿನಿಂದಲೇ ಬರೆಯಿರಿ" ಅಂತ ಹುರಿದುಂಬಿಸಿದವರು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್. ಹಾಗೆ 1976ರಲ್ಲಿ ಬಂದದ್ದು "ದಿ ರಿಮೆಂಬರ್ಡ್ ವಿಲೇಜ್". ಟಿಪ್ಪಣಿ ಸುಟ್ಟರೂ ಪುಸ್ತಕ ಬಂತು, ಯಾಕಂದ್ರೆ ಅವರು ಅಲ್ಲಿ ಇದ್ದು ಬಂದಿದ್ದರು. ಆದರೆ ಕಾಲಿಡದ ಕೇರಿಯ ನೆನಪು ಎಲ್ಲಿಂದ ಬರಬೇಕು?

ಈಗ ಮೊದಲಿನ ಪ್ರಶ್ನೆ. "ಎಲ್ಲಾ ಗೊತ್ತಿರೋದೇ ಅಲ್ವಾ?"

ಯಾರಿಗೆ ಗೊತ್ತಿರೋದು? ರಾಮನಾಥಪುರದ ತಂಬಾಕು ಹರಾಜಿನಲ್ಲಿ ಬೆಳೆಗಾರನಿಗೆ ಗೊತ್ತಿರೋದು ಬೇರೆ, ಎಲೆ ಬೇಯಿಸೋ ಬ್ಯಾರನ್ ಹತ್ತಿರ ರಾತ್ರಿ ಕಾಯೋ ಕೂಲಿಯವನಿಗೆ ಗೊತ್ತಿರೋದು ಬೇರೆ. ಚನ್ನರಾಯಪಟ್ಟಣದ ತೆಂಗಿನ ತೋಟ ಯಜಮಾನನಿಗೆ ಒಂದು ಥರ ಕಾಣುತ್ತೆ, ಕಾಯಿ ಸುಲಿಯೋನಿಗೆ ಇನ್ನೊಂದು ಥರ. ಗೊರೂರಿನ ಹೇಮಾವತಿ ಅಣೆಕಟ್ಟು ನಾಲೆ ನೀರು ಸಿಕ್ಕವನಿಗೆ ಭಾಗ್ಯ. ಊರು ಮುಳುಗಿದವನ ಮನೆಯಲ್ಲಿ ಅದರ ಕಥೆಯೇ ಬೇರೆ. ಹೊಳೆನರಸೀಪುರದ ಒಂದೇ ಬೀದಿಯ ಬಗ್ಗೆ ಅಜ್ಜಿಯನ್ನ ಕೇಳಿ, ಅಜ್ಜನನ್ನ ಕೇಳಿ. ಎರಡು ಊರು ಸಿಗುತ್ತೆ.

ಕಾಮ್ಟ್ ಹೆಸರು ಕೊಟ್ಟ, ಡರ್ಖೈಮ್ ಅಳೆಯೋದು ಕಲಿಸಿದ, ಶ್ರೀನಿವಾಸ್ ಹೋಗಿ ಇರೋದು ಕಲಿಸಿದರು. ಯಾರ ಜಗುಲಿ ಮೇಲೆ ಕೂತು ನೋಡ್ತಿದ್ದೀನಿ ಅಂತ ಕೇಳಿಕೊಳ್ಳೋದೂ ಅವರಿಂದಲೇ ಕಲಿಯಬೇಕಾದ ಪಾಠ. ಅವರು ಹೋಗಲಾಗದ ಕೇರಿಯಲ್ಲಿ ಹುಟ್ಟಿ ಬೆಳೆದವರು ಇವತ್ತು ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ಅವರು ಬರೆಯೋ ಊರನ್ನ ಇನ್ನೂ ಯಾರೂ ಓದಿಲ್ಲ.

ಪ್ರಾಜೆಕ್ಟ್ ಬರೆಯೋಕೆ ನೆಟ್‌ನಿಂದ ಇಳಿಸಿಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಊರಲ್ಲಿ ನೀವು ಇದುವರೆಗೂ ಕೂರದ ಒಂದು ಜಗುಲಿ ಹುಡುಕಿ. ಅಲ್ಲಿ ಕೂತಾಗ ಏನು ಕಾಣಿಸ್ತು ಅಂತ ಕಾಮೆಂಟಿನಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಸಮಾಜಶಾಸ್ತ್ರ #ಎಂಎನ್‌ಶ್ರೀನಿವಾಸ್ #ಹಾಸನ #ನಮ್ಮೂರಚರಿತ್ರೆ