ಹಾಲು ಬಂತು, ಪಾತ್ರೆ ಮರಳಿತೇ?

ಕೋಳೂರು ಕೊಡಗೂಸಿನ ಕಥೆ ನಮ್ಮ ಓದುಗ ಬಳಗಕ್ಕೆ ಹೊಸದೇನಲ್ಲ. ಪರವೂರಿಗೆ ಹೊರಟ ತಂದೆ, ಶಿವನಿಗೆ ತಪ್ಪದೆ ಹಾಲು ಒಪ್ಪಿಸಿ ಬಾ ಎಂದು ಮಗಳಿಗೆ ಹೇಳಿ ಹೋಗುತ್ತಾನೆ. ಮಗು ಹಾಲನ್ನಿಟ್ಟು ಕಾಯುತ್ತದೆ. ಶಿವ ಕುಡಿಯಲೊಲ್ಲ ಎಂದು ಅಳುತ್ತದೆ, ಹಟ ಹಿಡಿಯುತ್ತದೆ, ಕೊನೆಗೂ ಕುಡಿಸಿಯೇ ಬಿಡುತ್ತದೆ. ಊರಿಂದ ಬಂದ ತಂದೆಗೆ ಮಾತ್ರ ನಂಬಿಕೆ ಬಾರದು. ಹಾಲೆಲ್ಲ ಏನಾಯಿತು ಎಂದು ಗದರುತ್ತಾನೆ. ಮುಗ್ಧ ಭಕ್ತಿಯ ಕಥೆ ಇದು, ನಿಜ. ಆದರೆ ಅದರೊಳಗೆ ಸಂಸಾರದ ಒಂದು ಲೆಕ್ಕವೂ ಅಡಗಿದೆ. ತುಂಬಿ ಹೋದ ಪಾತ್ರೆ ಬರಿದಾಗಿ ಮನೆಗೆ ಮರಳಬೇಕು. ಮರಳಿದಾಗ ಲೆಕ್ಕ ಕೇಳುವವರೊಬ್ಬರಿರಬೇಕು.

ಈಗ ಎಲ್ಲಿ ನೋಡಿದರೂ ಪರಿಸರಸ್ನೇಹಿ ಪೊಟ್ಟಣದ ಮಾತು. ಗಾಜು ಒಳ್ಳೆಯದೋ, ಕಾಗದವೋ, ಜೋಳದ ಗಂಜಿಯಿಂದ ಮಾಡಿದ್ದೋ ಎಂಬ ಚರ್ಚೆ. ಇತಿಹಾಸದ ಪುಟ ತಿರುವಿದರೆ ಪಾತ್ರೆಯನ್ನು ಯಾವುದರಿಂದ ಮಾಡಿದರು ಎಂಬುದಕ್ಕಿಂತ, ಬರಿದಾದ ಮೇಲೆ ಅದನ್ನು ಯಾರು ಹಿಂದಕ್ಕೆ ಒಯ್ದರು ಎಂಬುದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಹಳೆ ಮೈಸೂರಿನ ಕಡೆ ಹಾಲಿನ ವರ್ತನೆ ಎಂಬ ಏರ್ಪಾಡಿತ್ತು. ವರ್ತನೆಯವರು ಬೆಳಗಾಗುವ ಮುನ್ನ ಮನೆ ಬಾಗಿಲಿಗೆ ಬಂದು, ಪಾವಿನಲ್ಲೋ ಚಟಾಕಿನಲ್ಲೋ ಅಳೆದು ನಮ್ಮ ಪಾತ್ರೆಗೇ ಸುರಿದು ಹೋಗುತ್ತಿದ್ದರು. ಕೆಲವರು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ಕೊಡುವುದೂ ಇತ್ತು. ಲೆಕ್ಕ ಗೋಡೆಯ ಮೇಲಿನ ಗೆರೆಗಳಲ್ಲಿ. ಸಂತೆಯ ಬೆಣ್ಣೆ ಎಲೆಯಲ್ಲಿ ಬರುತ್ತಿತ್ತು. ಎಲೆ ತಿಪ್ಪೆಗೆ, ತಿಪ್ಪೆ ಗದ್ದೆಗೆ. ಆದರೆ ಹಳೆಯದೆಲ್ಲ ಹೊನ್ನಲ್ಲ. ತಂಬಿಗೆಯ ತಳದಲ್ಲಿ ಮೊದಲೇ ನಿಂತಿರುತ್ತಿದ್ದ ನೀರಿನ ಬಗ್ಗೆ, ತೆರೆದ ಪಾತ್ರೆಯ ಹಾಲು ತರುತ್ತಿದ್ದ ರೋಗಗಳ ಬಗ್ಗೆ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹೇಳುತ್ತಿದ್ದರು.

ನಾವೀಗ ನೆಲೆಸಿರುವ ಈ ಸೀಮೆಯ ಕಥೆ ಇನ್ನೂ ಭೀಕರ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮ್ಯಾನ್‌ಹಟನ್, ಬ್ರೂಕ್ಲಿನ್‌ಗಳ ಹೆಂಡದ ಭಟ್ಟಿಗಳ ಪಕ್ಕದಲ್ಲೇ ಕೊಟ್ಟಿಗೆಗಳಿದ್ದವು. ಭಟ್ಟಿಯಿಂದ ಬಿಸಿಯಾಗಿ ಹರಿದುಬರುವ ಗಸಿಯೇ ಹಸುಗಳಿಗೆ ಮೇವು. ಆ ನೀಲಿಗಟ್ಟಿದ ಹಾಲಿಗೆ ಸುಣ್ಣದ ಪುಡಿ ಬೆರೆಸಿ ಮಾರುತ್ತಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲೀಸ್ ಪತ್ರಿಕೆ ಚಿತ್ರಸಮೇತ ಇದನ್ನು ಬಯಲಿಗೆಳೆಯಿತು. ಹಾಲು ಕುಡಿದು ಸತ್ತ ಕೂಸುಗಳ ಸಂಖ್ಯೆ ಸಣ್ಣದಲ್ಲ.

ಮುಚ್ಚಿದ ಬಾಟಲಿ ಹುಟ್ಟಿದ್ದು ಈ ಭಯದಿಂದ. ಉತ್ತರ ನ್ಯೂಯಾರ್ಕಿನ ಪಾಟ್ಸ್‌ಡಾಮ್ ಊರಿನ ಹಾರ್ವೀ ಥ್ಯಾಚರ್ 1884ರಲ್ಲಿ ಗಾಜಿನ ಹಾಲಿನ ಬಾಟಲಿಯನ್ನು ಬಳಕೆಗೆ ತಂದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಡಾ. ಹೆನ್ರಿ ಕಾಯಿಟ್ 1893ರಲ್ಲಿ ವೈದ್ಯರ ಒಂದು ಹಾಲು ಆಯೋಗವನ್ನು ಕಟ್ಟಿ, ಕೊಟ್ಟಿಗೆಯಿಂದ ಬಾಟಲಿಯವರೆಗೆ ಪರೀಕ್ಷೆಯಾದ 'ಪ್ರಮಾಣಿತ ಹಾಲು' ಎಂಬ ಕಲ್ಪನೆಗೆ ನಾಂದಿ ಹಾಡಿದರು. ಅಂಥ ಹಾಲಿಗೆ ಹೆಸರಾದ ವಾಕರ್-ಗೋರ್ಡನ್ ಫಾರ್ಮ್ ಸಮರ್‌ಸೆಟ್‌ನಿಂದ ದೂರವೇನಿಲ್ಲ, ಪ್ಲೇನ್ಸ್‌ಬರೋದಲ್ಲಿತ್ತು. 1930ರಲ್ಲಿ ಅಲ್ಲಿ 50 ಹಸುಗಳನ್ನು ಒಟ್ಟಿಗೆ ನಿಲ್ಲಿಸಿಕೊಂಡು ಗಿರಗಿರನೆ ಸುತ್ತುವ ವೇದಿಕೆಯ ಮೇಲೆ ಹಾಲು ಕರೆಯುವ ಯಂತ್ರ ಬಂತು. ಬೋರ್ಡನ್ ಕಂಪನಿಯ ಜಾಹೀರಾತಿನ ಹಸು ಎಲ್ಸಿ 1941ರಲ್ಲಿ ಲಾರಿ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಾಗ ಅವಳನ್ನು ಮಣ್ಣು ಮಾಡಿದ್ದೂ ಅಲ್ಲೇ. 1971ರಲ್ಲಿ ಫಾರ್ಮ್ ಮುಚ್ಚಿತು. ಇಂದು ಅಲ್ಲಿ ಮನೆಗಳೆದ್ದಿವೆ.

ಗಾಜಿನ ಬಾಟಲಿಗೆ ಎರಡು ಪಯಣ: ತುಂಬಿ ಬರುವುದು, ಬರಿದಾಗಿ ಹೋಗುವುದು. ಬಾಟಲಿಯ ಮೈಮೇಲೆ ಡೈರಿಯ ಹೆಸರು ಉಬ್ಬಕ್ಷರದಲ್ಲಿರುತ್ತಿತ್ತು. ಒಬ್ಬರ ಬಾಟಲಿ ಇನ್ನೊಬ್ಬರ ಕೈಗೆ ಸಿಕ್ಕರೆ ವಿಂಗಡಿಸಿ ವಾಪಸು ಕೊಡಲು ದೊಡ್ಡ ನಗರಗಳಲ್ಲಿ ವಿನಿಮಯ ಕೇಂದ್ರಗಳೇ ಇದ್ದವು. ಇದು ಪರಿಸರ ಪ್ರೇಮವಲ್ಲ, ಶುದ್ಧ ವ್ಯಾಪಾರ. ಬಾಟಲಿ ದುಬಾರಿ, ಕಳೆದುಕೊಂಡರೆ ನಷ್ಟ. ಲೆಕ್ಕ ಕೇಳುವವನು ಡೈರಿಯ ಮಾಲೀಕನೇ ಆಗಿದ್ದ.

ಆಮೇಲೆ ಬಂದದ್ದೆಲ್ಲ ಆ ಎರಡನೆಯ ಪಯಣವನ್ನು ತಪ್ಪಿಸುವ ಉಪಾಯಗಳೇ. ಒಹಾಯೋದ ಜಾನ್ ವ್ಯಾನ್ ವರ್ಮರ್ 1915ರಲ್ಲಿ ಮಡಚುವ ಕಾಗದದ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಮನೆಮನೆಗೆ ಫ್ರಿಜ್ಜು ಬಂತು, ಕಾರು ಬಂತು, ಸೂಪರ್ ಮಾರ್ಕೆಟ್ಟು ಬಂತು. 1960ರ ದಶಕದಿಂದೀಚೆಗೆ ಹಿಡಿಕೆಯಿರುವ ಪ್ಲಾಸ್ಟಿಕ್ ಗ್ಯಾಲನ್ ಕ್ಯಾನು ಬಂತು. 1963ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹಾಲಿನಲ್ಲಿ ಸುಮಾರು ನೂರಕ್ಕೆ 30ರಷ್ಟು ಮನೆ ಬಾಗಿಲಿಗೆ ಬರುತ್ತಿತ್ತು. 2005ರ ಹೊತ್ತಿಗೆ ಅದು ನೂರಕ್ಕೆ ಅರ್ಧದಷ್ಟೂ ಇರಲಿಲ್ಲ. ಹಾಲಿನವನು ಹೋದ; ಅವನ ಜೊತೆ ಖಾಲಿ ಬಾಟಲಿಯನ್ನು ಒಯ್ಯುವ ಕೈಯೂ ಹೋಯಿತು.

ಆ ಕೈಯ ಜಾಗಕ್ಕೆ ಇಲ್ಲಿ ಬಂದದ್ದು ಕಾನೂನು. 1987ರಲ್ಲಿ ನ್ಯೂಯಾರ್ಕ್ ರಾಜ್ಯದ ಐಸ್ಲಿಪ್‌ನ ಕಸ ಹೊತ್ತ ದೋಣಿಯೊಂದು ಇಳಿಸಲು ಜಾಗ ಸಿಗದೆ ತಿಂಗಳುಗಟ್ಟಲೆ ಕಡಲಲ್ಲಿ ಅಲೆದದ್ದು ಹಿರಿಯರಿಗೆ ನೆನಪಿರಬಹುದು. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ, ಮನೆಯಲ್ಲೇ ಕಸ ವಿಂಗಡಿಸಿ ಮರುಬಳಕೆಗೆ ಕೊಡುವುದನ್ನು ಇಡೀ ರಾಜ್ಯಕ್ಕೆ ಕಡ್ಡಾಯ ಮಾಡಿತು. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕೆಯಿರುವ ಹಾಲಿನ ಕ್ಯಾನು ಅಂದಿನಿಂದ ಕೊಳವೆಯಾಗಿ, ಉದ್ಯಾನದ ಬೆಂಚಾಗಿ ಮರುಹುಟ್ಟು ಪಡೆಯುತ್ತಿದೆ. ಕ್ಯಾನು ಹಿಂದಿರುಗುವುದೇನೋ ನಿಜ, ಆದರೆ ಡೈರಿಗಲ್ಲ. ಲೆಕ್ಕ ಕೇಳುವವರು ಈಗ ಕೌಂಟಿಯವರು, ಖರ್ಚು ನಮ್ಮ ತೆರಿಗೆಯದು.

ಇನ್ನು ನಮ್ಮ ನಾಡಿನತ್ತ ನೋಡೋಣ. ಕರ್ನಾಟಕದ ಮೊದಲ ಡೈರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. ಯುನಿಸೆಫ್ ನೆರವಿನಿಂದ ಕಟ್ಟಿದ ಬೆಂಗಳೂರು ಡೈರಿಯನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನಾಡಿಗೆ ಅರ್ಪಿಸಿದರು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ಬಂತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. 'ನಂದಿನಿ' ಮನೆಮಾತಾಯಿತು. 2024ರ ಜೂನ್‌ನಲ್ಲಿ ಮಹಾಮಂಡಳದ ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ದಾಟಿತು.

ಈ ಬೃಹತ್ ವ್ಯವಸ್ಥೆಯ ಹಳ್ಳಿಯ ತುದಿಯಲ್ಲಿ ಪಾತ್ರೆ ಎಂದೂ ಕಳೆದುಹೋಗಲಿಲ್ಲ. ಸಹಕಾರ ಸಂಘಕ್ಕೆ ಹಾಲು ಹಾಕಿದ ರೈತ ಮಹಿಳೆ ತನ್ನ ಚೊಂಬನ್ನು ಮನೆಗೊಯ್ಯುತ್ತಾಳೆ. ಸಂಘದ ಅಲ್ಯೂಮಿನಿಯಂ ಕ್ಯಾನು ಡೈರಿಗೆ ಹೋಗಿ, ತೊಳೆಸಿಕೊಂಡು ಹಿಂದಿರುಗುತ್ತದೆ. ಕಳೆದುಹೋದದ್ದು ಪೇಟೆಯ ತುದಿಯಲ್ಲಿ. ಮುಂಬಯಿಯ ಆರೇ, ದಿಲ್ಲಿಯ ಮಿಲ್ಕ್ ಸ್ಕೀಮ್‌ಗಳ ತೆಳು ಲೋಹದ ಮುಚ್ಚಳದ ಗಾಜಿನ ಬಾಟಲಿಗಳು, ಬೆಳಗಿನ ಜಾವದ ಬೂತಿನೆದುರಿನ ಸಾಲು, ಖಾಲಿ ಬಾಟಲಿ ಒಡೆದರೆ ಮನೆಯಲ್ಲಿ ಬೀಳುತ್ತಿದ್ದ ಬೈಗುಳ, ಇವೆಲ್ಲ ಆ ಊರುಗಳಲ್ಲಿ ಬೆಳೆದ ಕನ್ನಡಿಗರಿಗೆ ಗೊತ್ತು. ಅವುಗಳ ಜಾಗವನ್ನು ಕ್ರಮೇಣ ಪಾಲಿಥಿನ್ ಪೊಟ್ಟಣ ಹಿಡಿಯಿತು.

ಪೊಟ್ಟಣವನ್ನು ಬಯ್ಯುವ ಮುನ್ನ ಅದರ ಗುಣವನ್ನೂ ನೋಡಬೇಕು. ಅರ್ಧ ಲೀಟರ್ ಹಾಲಿಗೆ ಗಾಜಾದರೆ ನೂರಾರು ಗ್ರಾಂ ಬೇಕು. ಪೊಟ್ಟಣಕ್ಕೆ ಎರಡು ಮೂರು ಗ್ರಾಂ ಸಾಕು. ಯಂತ್ರದಲ್ಲಿ ಸುರುಳಿ ಹಾಳೆ ಬಿಚ್ಚಿಕೊಳ್ಳುತ್ತ, ಚೀಲವಾಗುತ್ತ, ಹಾಲು ತುಂಬಿ, ಕಾವಿನಲ್ಲಿ ಬೆಸುಗೆಯಾಗಿ ಕೆಳಗೆ ಬೀಳುತ್ತದೆ. ತೊಳೆಯಲು ನೀರು ಬೇಡ, ಸೋಡಾ ಬೇಡ, ಹಿಂದಕ್ಕೆ ಸಾಗಿಸಲು ಡೀಸೆಲ್ ಬೇಡ. ಬಡವರ ಮನೆಗೂ ಶುಚಿಯಾದ ಹಾಲು ತಲುಪಿತು. ಇದು ಬಡ ದೇಶದ ತಂತ್ರವೆಂದೂ ಮೂಗು ಮುರಿಯಬೇಕಿಲ್ಲ. 1967ರಿಂದ ಕೆನಡಾದಲ್ಲಿ ಹಾಲು ಚೀಲದಲ್ಲಿ ಬರುತ್ತಿದೆ; ಟೊರಾಂಟೊದ ನಮ್ಮ ಬಂಧುಗಳ ಮನೆಗೆ ಹೋದವರು ಜಗ್ಗಿನಲ್ಲಿ ಕೂತ ಹಾಲಿನ ಚೀಲವನ್ನು ಕಂಡೇ ಇರುತ್ತಾರೆ.

ಈ ಪೊಟ್ಟಣಕ್ಕೂ ನಮ್ಮ ನಾಡಿನಲ್ಲಿ ಎರಡನೆಯ ಪಯಣವೊಂದು ಹುಟ್ಟಿಕೊಂಡಿತು, ಯಾವ ಸರ್ಕಾರವೂ ಹೇಳದೆ! ಹಾಲು ಬಗ್ಗಿಸಿದ ಮೇಲೆ ಕವರನ್ನು ತೊಳೆದು, ಅಡುಗೆಮನೆಯ ಗೋಡೆಗೋ ಕಿಟಕಿಯ ಸರಳಿಗೋ ಅಂಟಿಸಿ ಒಣಗಿಸಿ, ಕಟ್ಟು ಕಟ್ಟಿ, ತಿಂಗಳ ಕೊನೆಗೆ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕುವುದು. ಇನ್ನು ಕೆಲವರು ಪಟ್ಟಿಪಟ್ಟಿಯಾಗಿ ಕತ್ತರಿಸಿ ಬುಟ್ಟಿ, ಚೀಲ ಹೆಣೆಯುತ್ತಿದ್ದರು. ಒಂದೇ ಜಾತಿಯ ಪಾಲಿಥಿನ್ ಆದ್ದರಿಂದ ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ. ಚಿಪ್ಸ್ ಪೊಟ್ಟಣದ ಹೊಳೆಯುವ ಬಹುಪದರದ ಹಾಳೆಗೆ ಆ ಬೆಲೆಯಿಲ್ಲ. ಹೀಗೆ ಗೃಹಿಣಿ, ಮನೆಗೆಲಸದಾಕೆ, ಚಿಂದಿ ಆಯುವವರು, ಗುಜರಿಯವನು, ಇವರೆಲ್ಲ ಸೇರಿ ಜಗತ್ತಿನ ಯಾವ ಕಾನೂನಿಗೂ ಕಡಿಮೆಯಿಲ್ಲದ ವ್ಯವಸ್ಥೆಯೊಂದನ್ನು ನಡೆಸಿಕೊಂಡು ಬಂದರು. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಡತೊಡಗಿದ್ದು 2011ರಿಂದೀಚೆಗೆ. ಅಲ್ಲಿಯವರೆಗೆ ಅವರ ಸೇವೆಗೆ ಹೆಸರೂ ಇರಲಿಲ್ಲ.

ಸರ್ಕಾರಗಳು ಈ ಕಡೆ ಗಮನ ಕೊಟ್ಟದ್ದು ತಡವಾಗಿ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ ಪೊಟ್ಟಣಗಳಿಗೆ ವಿನಾಯಿತಿ ಇತ್ತು. ಮಹಾರಾಷ್ಟ್ರ 2018ರಲ್ಲಿ ಹಾಲಿನ ಖಾಲಿ ಪೊಟ್ಟಣ ತಂದುಕೊಟ್ಟರೆ 50 ಪೈಸೆ ವಾಪಸು ಕೊಡುವ ಯೋಜನೆ ಘೋಷಿಸಿತು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಪ್ಲಾಸ್ಟಿಕ್ ಹೊದಿಕೆಯನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ವಿಲೇವಾರಿಗೂ ಹೊಣೆ ಎಂಬ ನಿಯಮ ತಂದಿತು. ಕೊಡಗೂಸಿನ ತಂದೆಯ ಪ್ರಶ್ನೆಯನ್ನು ಕೊನೆಗೂ ಕೇಳಬೇಕಾದವರನ್ನೇ ಕೇಳಿದಂತಾಯಿತು.

2025ರಲ್ಲಿ ಬೆಂಗಳೂರು ಹಾಲು ಒಕ್ಕೂಟವು ಮಣ್ಣಿನಲ್ಲಿ ಕರಗುವ ಪೊಟ್ಟಣಗಳನ್ನು ಕನಕಪುರದಲ್ಲಿ ಪ್ರಯೋಗಕ್ಕೆ ತಂದಿತು. ಕೇಳಿದಾಕ್ಷಣ ಸಂತೋಷವಾಗುವ ಸುದ್ದಿಯೇ. ಬೇಲಿಗೆ ಸಿಕ್ಕಿಕೊಂಡ, ಹಸುವಿನ ಹೊಟ್ಟೆ ಸೇರುವ ಪ್ಲಾಸ್ಟಿಕ್ ಕಂಡವರಿಗೆ ಯಾಕೆ ಸಂತೋಷವಾಗದು? ಹಾಲು ಕೊಟ್ಟ ಹಸುವಿಗೇ ಹಾಲಿನ ಕವರನ್ನು ತಿನ್ನಿಸುವುದಕ್ಕಿಂತ ದೊಡ್ಡ ದ್ರೋಹ ಇನ್ನೇನಿದೆ?

ಆದರೂ ಒಂದು ಎಚ್ಚರ ಬೇಕು. ಕರಗುವ ಹಾಳೆಗಳಲ್ಲಿ ಬಹಳಷ್ಟು ಎಸೆದಲ್ಲೇ ಕರಗುವುದಿಲ್ಲ; ತಕ್ಕ ಕಾವು, ತೇವ, ಸೂಕ್ಷ್ಮಜೀವಿಗಳಿರುವ ಗೊಬ್ಬರದ ಗುಂಡಿ ಬೇಕು. ನೋಡಲು ಅವು ಪಾಲಿಥಿನ್‌ನಂತೆಯೇ ಇರುತ್ತವೆ. ಗುಜರಿಯ ರಾಶಿಯಲ್ಲಿ ಎರಡೂ ಬೆರೆತರೆ ಮರುಬಳಕೆಯ ಕಾಳು ಕೆಡುತ್ತದೆ, ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಕವರು ತೊಳೆದಿಡುವ ಕೈಯೂ ನಿಲ್ಲುತ್ತದೆ, ಆಯುವ ಕೈಯೂ ನಿಲ್ಲುತ್ತದೆ. ಹೊಸ ಪಾತ್ರೆ ತರುವ ಭರದಲ್ಲಿ, ಹಳೆಯ ಪಾತ್ರೆಯನ್ನು ಇಷ್ಟು ವರ್ಷ ಹಿಂದಕ್ಕೆ ಹೊತ್ತವರ ಅನ್ನಕ್ಕೆ ಕಲ್ಲು ಬೀಳಬಾರದು. ಬಣ್ಣವನ್ನೋ ಗುರುತನ್ನೋ ಬೇರೆ ಮಾಡಿ, ಎರಡಕ್ಕೂ ಬೇರೆ ಬೇರೆ ದಾರಿ ಮಾಡಿಕೊಟ್ಟರೆ ಮಾತ್ರ ಈ ಪ್ರಯೋಗ ಪೂರ್ಣವಾದೀತು.

ಪೊಟ್ಟಣವೇ ಬೇಡವೆಂಬ ದಾರಿಯೂ ನಮ್ಮವರಿಗೆ ಅಪರಿಚಿತವಲ್ಲ. 1974ರಲ್ಲಿ ಆರಂಭವಾದ ದಿಲ್ಲಿಯ ಮದರ್ ಡೈರಿಯ ಬೂತುಗಳಲ್ಲಿ ಟೋಕನ್ ಹಾಕಿ ಮನೆಯ ಪಾತ್ರೆಗೇ ಹಾಲು ತುಂಬಿಸಿಕೊಳ್ಳುವ ಪದ್ಧತಿ ಬೆಳೆಯಿತು. ವರ್ತನೆಯ ಹಾಲಿಗೆ ಯಂತ್ರದ ಶುಚಿ ಸೇರಿದಂತೆ! ಹಳೆಯದೂ ಹೊಸದೂ ಕೈಕುಲುಕಬಲ್ಲವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಈ ಸೀಮೆಯ ನಮ್ಮ ಅಡುಗೆಮನೆಗಳ ಮಾತು. ಇಂಡಿಯನ್ ಅಂಗಡಿಯಿಂದ ತಂದ ಮೊಸರಿನ ದೊಡ್ಡ ಡಬ್ಬಿ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಮೊಸರೆಂದು ತೆರೆದರೆ ಸಾರು, ಸಾರೆಂದು ತೆರೆದರೆ ಚಟ್ನಿಪುಡಿ! ಮಕ್ಕಳು ನಗುತ್ತಾರೆ. ಆ ಡಬ್ಬಿಯಲ್ಲೇ ಪಕ್ಕದ ಮನೆಗೆ ಬಿಸಿಬೇಳೆಭಾತ್ ಹೋಗಿ, ಬರುವಾಗ ಕೋಸಂಬರಿ ತರುತ್ತದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಹೆಣ್ಣುಮಕ್ಕಳ ಹಳೆಯ ಪದ್ಧತಿ ಇಲ್ಲಿಯೂ ಬದುಕಿದೆ. ಆದರೆ ಬಿಸಿ ಸಾರಿಗೆ ಆ ಡಬ್ಬಿ ತಕ್ಕದ್ದಲ್ಲ, ಆರಿಸಿ ತುಂಬಿ. ಹಾಲಿನ ಕ್ಯಾನನ್ನು ತೊಳೆದು ಮರುಬಳಕೆಯ ತೊಟ್ಟಿಗೆ ಹಾಕಿ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಬೆರೆಸಬೇಡಿ. ವಿಂಗಡಿಸುವ ಯಂತ್ರದ ಚಕ್ರಗಳಿಗೆ ಅದು ಸುತ್ತಿಕೊಳ್ಳುತ್ತದೆ. ಬೆಂಗಳೂರಿಗೆ ಹೋದಾಗ ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ, ಕವರಿಗೇ ಅಂಟಿಕೊಂಡಿರುವಂತೆ ಕತ್ತರಿಸಿ. ಆ ಚಿಕ್ಕ ಚೂರನ್ನು ಯಾರ ಕೈಯೂ ಆಯಲಾರದು.

ಹಾಲು ನಮ್ಮ ಮನೆಗೆ ಬರುವ ದಾರಿಯನ್ನು ಎರಡು ಶತಮಾನಗಳ ಬುದ್ಧಿ, ದುಡ್ಡು, ಕಾನೂನುಗಳು ಸೇರಿ ಹದಗೊಳಿಸಿವೆ. ಪಾತ್ರೆ ಹಿಂದಿರುಗುವ ದಾರಿಯನ್ನು ಬಹುಮಟ್ಟಿಗೆ ಹೆಸರಿಲ್ಲದವರು ಸವೆಸಿದ್ದಾರೆ. ಮುಂದಿನ ಸಲ ಪರಿಸರಸ್ನೇಹಿ ಎಂದು ಬರೆದ ಪೊಟ್ಟಣ ಕೈಗೆ ಬಂದಾಗ, ಇದು ಯಾವುದರಿಂದ ಮಾಡಿದ್ದು ಎಂದಷ್ಟೇ ಕೇಳದೆ, ಇದನ್ನು ಹಿಂದಕ್ಕೆ ಒಯ್ಯುವವರು ಯಾರು, ಅವರಿಗೆ ಸಿಗುವುದೇನು ಎಂದೂ ಕೇಳೋಣ.